ಈ ಕೈ ನಾಳೆ ಮಾತಾಡಲಿದೆ



ದಿನಕ್ಕೆ ಐದು ಬಾರಿ ನಾವು ಕೈ ತೊಳೆಯುತ್ತೇವೆ. ವುಝೂವಿನ ನೀರು ಬೆರಳ ತುದಿಯಿಂದ ಮೊಣಕೈಯನ್ನು ದಾಟುವ ತನಕ ಹರಿಯುತ್ತದೆ. ಆದರೆ ಹೀಗೆ ತೊಳೆಯುವ ಕೈಯನ್ನು ನಾವು ಎಂದಾದರೂ ನೋಡಿದ್ದೇವೆಯೇ? ಚರ್ಮವನ್ನು ನೋಡಿರುತ್ತೇವೆ. ಉಂಗುರವನ್ನೂ ಗಡಿಯಾರವನ್ನೂ ನೋಡಿರುತ್ತೇವೆ. ಆ ಚರ್ಮದ ಒಳಗೆ ಒಂದರ ಬದಿಗೊಂದು, ಒಂದರ ತುದಿಗೊಂದು, ಕೂಡಿಯೂ ಬೇರೆಯಾಗಿರುವಂತೆ ಅಲ್ಲಾಹನು ಇರಿಸಿರುವ ಎಲುಬುಗಳ ಕುರಿತು ಚಿಂತಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಹತ್ತು ವರ್ಷಗಳಿಂದ ಮದ್ರಸದಲ್ಲಿ ಮಕ್ಕಳಿಗೆ ವುಝೂವಿನ ಪಾಠ ಹೇಳಿಕೊಡುತ್ತಿರುವ ನಾನೂ ಚಿಂತಿಸಿರಲಿಲ್ಲ. ನನ್ನ ಕೈ ಮುರಿದ ಬಳಿಕವೇ ನನಗೆ ಕೈಯ ಅರಿವಾಯಿತು. ಆ ಅರಿವಿನ ಬೆನ್ನಿಗೇ ಒಂದು ನಾಚಿಕೆಯೂ ಬಂತು. ಎರಡನ್ನೂ ತಮ್ಮ ಮುಂದಿಡುವುದಕ್ಕಾಗಿ ಈ ಬರಹ.

ಪವಿತ್ರ ಕುರ್‌ಆನಿನ ಅಲ್ ಕಿಯಾಮ ಅಧ್ಯಾಯದ ಆರಂಭದ ಸೂಕ್ತಗಳನ್ನು ನೆನಪಿಸಿಕೊಳ್ಳಿರಿ. ಚದರಿ ಹೋದ ಎಲುಬುಗಳನ್ನು ಮತ್ತೆ ಒಟ್ಟುಗೂಡಿಸಲು ಸಾಧ್ಯವಿಲ್ಲವೆಂದು ಮನುಷ್ಯನು ಭಾವಿಸುತ್ತಾನೆ. ಅಲ್ಲಾಹನಾದರೋ ಅವನ ಬೆರಳ ತುದಿಯನ್ನು ಕೂಡ ಸರಿಯಾಗಿ ಜೋಡಿಸಲು ತಾನು ಶಕ್ತನೆಂದು ಉತ್ತರಿಸುತ್ತಾನೆ. ಮೃತ್ಯುವಿನ ಬಳಿಕ ಎದ್ದು ನಿಲ್ಲುವ ಬಗ್ಗೆ ಹೇಳುವಾಗ ಹೃದಯವನ್ನಾಗಲಿ ಮೆದುಳನ್ನಾಗಲಿ ಹೆಸರಿಸದೆ ಎಲುಬಿನ ಕುರಿತು, ಅದರಲ್ಲೂ ಕೈಯ ಕಟ್ಟಕಡೆಯ ತುದಿಯ ಕುರಿತು ಹೇಳಿರುವುದನ್ನು ಗಮನಿಸಿರಿ. ಒಟ್ಟುಗೂಡಿಸುವುದು ಬೇರೆ, ಸರಿಯಾದ ಸ್ಥಾನದಲ್ಲಿ ಜೋಡಿಸುವುದು ಬೇರೆ. ಕಲ್ಲು, ಮರ, ಹಂಚುಗಳನ್ನು ಒಂದೆಡೆ ರಾಶಿ ಹಾಕಿದರೆ ಅದು ಮನೆಯಾಗುವುದಿಲ್ಲ. ಯಾವುದು ಎಲ್ಲಿರಬೇಕೋ ಅಲ್ಲಿದ್ದರೆ ಮಾತ್ರ ಮನೆ.

ಒಂದು, ಎರಡು, ಎಂಟು, ಐದು

ಈಗ ಅಂಗಿಯ ಕೈಯನ್ನು ಸ್ವಲ್ಪ ಮೇಲೆ ಸರಿಸಿ, ಅಂಗೈ ಎದುರಿಗೆ ಕಾಣುವಂತೆ ಬಲಗೈಯನ್ನು ಕೆಳಗೆ ಇಳಿಬಿಡಿರಿ. ವೈದ್ಯಶಾಸ್ತ್ರದವರು ಎಲುಬುಗಳ ಸ್ಥಾನವನ್ನು ವಿವರಿಸುವಾಗ ಮನುಷ್ಯನನ್ನು ಹೀಗೆಯೇ ನಿಲ್ಲಿಸುತ್ತಾರೆ. ಹೆಗಲಿನಿಂದ ಮೊಣಕೈಯ ವರೆಗೆ ಒಂದೇ ಎಲುಬು ಇದೆ. ಅದು ಹ್ಯೂಮರಸ್. ಮೊಣಕೈಯಿಂದ ಮಣಿಕಟ್ಟಿನ ವರೆಗೆ ಎರಡು. ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್, ಕಿರುಬೆರಳಿನ ಕಡೆಗಿರುವುದು ಅಲ್ನಾ. ಮಣಿಕಟ್ಟಿನಲ್ಲಿ ಸಾಲಿಗೆ ನಾಲ್ಕರಂತೆ ಎರಡು ಸಾಲುಗಳಲ್ಲಿ ಎಂಟು ಪುಟ್ಟ ಎಲುಬುಗಳು. ಅಂಗೈಯಲ್ಲಿ ಐದು. ಬೆರಳುಗಳಲ್ಲಿ ಹದಿನಾಲ್ಕು, ಹೆಬ್ಬೆರಳಿಗೆ ಎರಡು, ಉಳಿದವುಗಳಿಗೆ ಮೂರು ಮೂರು. ಮಣಿಕಟ್ಟಿನಿಂದ ಕೆಳಗೆ ಒಂದು ಕೈಯಲ್ಲಿ 27 ಎಲುಬುಗಳಾದವು, ಒಂದು ಪಾದದಲ್ಲಿ 26. ವಯಸ್ಕ ಮನುಷ್ಯನ ದೇಹದ ಒಟ್ಟು ಎಲುಬುಗಳು 206. ಎರಡು ಕೈ ಎರಡು ಪಾದಗಳಲ್ಲೇ 106! ದೇಹದ ಅರ್ಧಕ್ಕಿಂತ ಹೆಚ್ಚು ಎಲುಬುಗಳನ್ನು ಸೃಷ್ಟಿಕರ್ತನು ನಾವು ಕೆಲಸ ಮಾಡುವ ಮತ್ತು ನಡೆಯುವ ಈ ನಾಲ್ಕು ತುದಿಗಳಲ್ಲಿ ಇರಿಸಿದ್ದಾನೆ.

ಮುಂದೋಳಿನ ಎರಡು ಎಲುಬುಗಳ ಸಂಬಂಧವನ್ನು ನೋಡಿರಿ. ಮೊಣಕೈಯ ಬಳಿ ಅಲ್ನಾ ದಪ್ಪ, ರೇಡಿಯಸ್ ಸಣ್ಣದು. ಮೊಣಕೈ ಊರಿ ಕುಳಿತಾಗ ಮೇಜಿಗೆ ತಾಗುವ ಮೊನೆ ಅಲ್ನಾದ್ದೇ. ಆದರೆ ಮಣಿಕಟ್ಟಿನತ್ತ ಇಳಿದಂತೆ ಅಲ್ನಾ ಕಿರಿದಾಗುತ್ತಾ ಹೋಗುತ್ತದೆ, ರೇಡಿಯಸ್ ಅಗಲವಾಗುತ್ತಾ ಬರುತ್ತದೆ. ಮೇಲೆ ದೊಡ್ಡದಾಗಿದ್ದುದು ಕೆಳಗೆ ಚಿಕ್ಕದು, ಮೇಲೆ ಚಿಕ್ಕದಾಗಿದ್ದುದು ಕೆಳಗೆ ದೊಡ್ಡದು. ಒಂದು ಮೊಣಕೈಯ ಹೊಣೆ ಹೊತ್ತರೆ ಇನ್ನೊಂದು ಮಣಿಕಟ್ಟಿನ ಹೊಣೆ ಹೊತ್ತಿದೆ. ಎರಡರ ನಡುವೆ ಗಟ್ಟಿಯಾದ ಒಂದು ಪೊರೆ ಉದ್ದಕ್ಕೂ ಹಬ್ಬಿದೆ. ಅಂಗೈಯಿಂದ ರೇಡಿಯಸ್‌ಗೆ ಬಂದ ಭಾರವನ್ನು ಅದು ಅಲ್ನಾಕ್ಕೂ ದಾಟಿಸುತ್ತದೆ.

ಈಗ ಅಂಗೈಯನ್ನು ಹಿಂದಕ್ಕೆ ತಿರುಗಿಸಿರಿ. ಏನು ನಡೆಯಿತು? ಅಲ್ನಾ ಬಹುಮಟ್ಟಿಗೆ ಇದ್ದಲ್ಲೇ ಇತ್ತು. ರೇಡಿಯಸ್ ಅದರ ಮೇಲಿಂದ ಅಡ್ಡವಾಗಿ ಹೊರಳಿತು. ಬೀಗದಲ್ಲಿ ಕೀಲಿ ತಿರುಗಿಸುವಾಗ, ತಂಬಿಗೆ ಬಗ್ಗಿಸಿ ನೀರು ಹೊಯ್ಯುವಾಗ, ಪುಟ ಮಗುಚುವಾಗ ನಡೆಯುವುದು ಇದೇ. ದುಆಕ್ಕೆಂದು ಕೈಯೆತ್ತಿ ಅಂಗೈಗಳನ್ನು ಆಕಾಶಕ್ಕೆ ಒಡ್ಡಿದಾಗ ಈ ಎರಡು ಎಲುಬುಗಳು ಅಕ್ಕಪಕ್ಕದಲ್ಲಿ ಸಮಾನಾಂತರವಾಗಿರುತ್ತವೆ. ಸುಜೂದ್‌ನಲ್ಲಿ ಅಂಗೈಗಳನ್ನು ನೆಲಕ್ಕೂರಿದಾಗ ಒಂದು ಇನ್ನೊಂದನ್ನು ಅಡ್ಡಹಾಯ್ದಿರುತ್ತದೆ. ಬೇಡುವುದಕ್ಕೊಂದು ಸ್ಥಿತಿ, ಬಾಗುವುದಕ್ಕೊಂದು ಸ್ಥಿತಿ.

ಇದನ್ನು ನಮ್ಮ ಪೂರ್ವಿಕರು ಅರಿತಿದ್ದರು. ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್' ಎಂಬ ಪ್ರಸಿದ್ಧ ವೈದ್ಯಗ್ರಂಥದಲ್ಲಿ ಈ ಎರಡು ಎಲುಬುಗಳಿಗೆ ಮೇಲಿನ ಝಂದ್ ಮತ್ತು ಕೆಳಗಿನ ಝಂದ್ ಎಂಬ ಹೆಸರನ್ನು ಬಳಸುತ್ತಾರೆ. ಹೆಬ್ಬೆರಳಿನ ಕಡೆಯದು ತೆಳ್ಳಗೆ, ಅದರಿಂದ ಕೈ ಹೊರಳುತ್ತದೆ. ಕಿರುಬೆರಳಿನ ಕಡೆಯದು ದಪ್ಪ, ಅದು ಹೊರುವಂಥದ್ದು, ಅದರಿಂದ ಕೈ ಮಡಚಿ ಬಿಚ್ಚಿಕೊಳ್ಳುತ್ತದೆ ಎಂದು ಅವರು ವಿವರಿಸುತ್ತಾರೆ. ಸಾವಿರ ವರ್ಷಗಳ ಹಿಂದಿನ ಮಾತಿದು.

ಅವರ ಬಳಿಕ ಬಂದ ಅಬ್ದುಲ್ಲತೀಫ್ ಅಲ್ ಬಗ್ದಾದಿಯವರ (1162-1231) ಸಂಗತಿಯೂ ಸ್ಮರಣೀಯ. 1200ರಿಂದ 1202ರ ವರೆಗೆ ಈಜಿಪ್ಟನ್ನು ಭೀಕರ ಬರಗಾಲ ಕಾಡಿತು. ಹಸಿವಿನಿಂದ ಸತ್ತವರ ಎಲುಬುಗಳು ಕೈರೋ ಸಮೀಪದ ಮಕ್ಸ್‌ನಲ್ಲಿ ದಿಬ್ಬದಂತೆ ರಾಶಿ ಬಿದ್ದಿದ್ದವು. ಬಗ್ದಾದಿ ಅಲ್ಲಿಗೆ ಹೋಗಿ ಒಂದೊಂದನ್ನೂ ಪರೀಕ್ಷಿಸಿದರು. ಕೆಳದವಡೆಯು ಎರಡು ಎಲುಬುಗಳ ಜೋಡಣೆಯೆಂದು ಗ್ರೀಕ್ ವೈದ್ಯ ಗ್ಯಾಲೆನ್ ಬರೆದಿದ್ದುದನ್ನು ಶತಮಾನಗಳಿಂದ ಎಲ್ಲರೂ ನಂಬಿದ್ದರು. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿದ ಬಗ್ದಾದಿ, ಅದು ಬೆಸುಗೆಯೇ ಇಲ್ಲದ ಒಂದೇ ಎಲುಬು ಎಂದು ಕಂಡುಕೊಂಡು ಬರೆದರು. ದೊಡ್ಡವರು ಹೇಳಿದ್ದಾರೆ ಎಂಬುದಕ್ಕಿಂತ ಕಣ್ಣು ಕಂಡ ಸತ್ಯ ಅವರಿಗೆ ಮುಖ್ಯವಾಯಿತು. ನನ್ನ ಕಥೆಯಲ್ಲಿ ಈ ಮಾತು ಮತ್ತೆ ಬೇಕಾಗುತ್ತದೆ.

ಕಾಲಿನ ಕಥೆ

ಕಾಲಿನ ಕ್ರಮವೂ ಕೈಯಂತೆಯೇ. ತೊಡೆಯಲ್ಲಿ ಒಂದು, ಮೊಣಕಾಲಿನಿಂದ ಕೆಳಗೆ ಎರಡು, ಪಾದದ ಹಿಂಭಾಗದಲ್ಲಿ ಏಳು, ಮುಂದೆ ಐದು, ಬೆರಳುಗಳಲ್ಲಿ ಹದಿನಾಲ್ಕು. ಹೆಬ್ಬೆರಳಿನ ಕಡೆಗೆ, ಅಂದರೆ ಒಳಬದಿಗೆ, ದಪ್ಪನೆಯ ಟಿಬಿಯಾ. ಕಿರುಬೆರಳಿನ ಕಡೆಗೆ, ಹೊರಬದಿಗೆ, ತೆಳ್ಳನೆಯ ಫಿಬ್ಯುಲಾ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕೈಯ ಎರಡು ಎಲುಬುಗಳು ಒಂದನ್ನೊಂದು ಅಡ್ಡಹಾಯುತ್ತವೆ, ಕಾಲಿನವು ಹಾಗೆ ಹಾಯುವುದಿಲ್ಲ. ಹಿಡಿಯುವ, ಕೊಡುವ, ಬರೆಯುವ ಅಂಗಕ್ಕೆ ತಿರುಗುವ ಸ್ವಾತಂತ್ರ್ಯ. ದೇಹವನ್ನೇ ಹೊರುವ ಅಂಗಕ್ಕೆ ಅಲುಗದ ಸ್ಥೈರ್ಯ. ನಿಂತ ನಿಲುವಿನಲ್ಲೇ ಕಣಕಾಲು ಹೊರಳುವಂತಿದ್ದರೆ ನಾವು ನಮಾಝಿನ ಸಾಲಿನಲ್ಲಿ ನಿಲ್ಲುವುದೆಂತು?

ಕಾಲಿನ ಹರಡಿನ ಎರಡು ಬದಿಗಳನ್ನು ಮುಟ್ಟಿ ನೋಡಿರಿ. ಒಳಗಿನ ಉಬ್ಬು ಟಿಬಿಯಾದ ತುದಿ, ಹೊರಗಿನ ಉಬ್ಬು ಫಿಬ್ಯುಲಾದ ತುದಿ. ಹೊರಗಿನದು ಒಳಗಿನದಕ್ಕಿಂತ ಸ್ವಲ್ಪ ಕೆಳಗಿದೆ. ಅಲ್ ಮಾಇದ ಅಧ್ಯಾಯದ ಆರನೇ ಸೂಕ್ತದಲ್ಲಿ ವುಝೂವಿನ ಎಲ್ಲೆಯನ್ನು ಹೇಳುವಾಗ ಮೊಣಕೈಗಳಿಗೆ ಬಹುವಚನವನ್ನೂ ಹರಡುಗಂಟುಗಳಿಗೆ ದ್ವಿವಚನವನ್ನೂ ಬಳಸಲಾಗಿದೆ. ಪ್ರತಿಯೊಂದು ಕೈಗೆ ಮೊಣಕೈ ಒಂದು, ಪ್ರತಿಯೊಂದು ಕಾಲಿಗೆ ಗಂಟುಗಳು ಎರಡು ಎಂಬುದು ಇದರ ಮರ್ಮವೆಂದು ವಿದ್ವಾಂಸರು ವಿವರಿಸಿದ್ದಾರೆ. ಅವಸರದಲ್ಲಿ ವುಝೂ ಮಾಡಿ ಹಿಮ್ಮಡಿಯನ್ನು ಒಣಗಿಸಿಟ್ಟವರಿಗೆ ಪ್ರವಾದಿ(ಸ)ಯವರು ನರಕಾಗ್ನಿಯ ಎಚ್ಚರಿಕೆ ನೀಡಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ದೇಹದ ಒಂದು ಸಣ್ಣ ಉಬ್ಬು ಕೂಡ ಧರ್ಮದ ಲೆಕ್ಕದಿಂದ ಹೊರಗಿಲ್ಲ ಎಂದಾಯಿತು. ಹಿಮ್ಮಡಿಯೇ ಲೆಕ್ಕಕ್ಕಿರುವಾಗ ಕೈ ಲೆಕ್ಕಕ್ಕಿಲ್ಲದಿರುತ್ತದೆಯೇ?

ನನ್ನ ಕೈ ಮತ್ತು ಒಂದು ಪುಟ್ಟ ಕೈ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸುಬ್‌ಹ್ ನಮಾಝಿಗೆ ಹೋಗುತ್ತಿದ್ದಾಗ ಮಸೀದಿಯ ಕೆಂಪು ಕಲ್ಲಿನ ಮೆಟ್ಟಿಲ ಮೇಲೆ ಪಾಚಿಗೆ ಕಾಲು ಜಾರಿತು. ಬೀಳುವವನು ಯಾರಾದರೂ ಕೈಯೂರುತ್ತಾನೆ. ನಾನೂ ಬಲಗೈಯನ್ನು ಊರಿದೆ. ಇಡೀ ದೇಹದ ಭಾರ ಅಂಗೈಯ ಮೇಲೆ ಬಿತ್ತು. ಮಣಿಕಟ್ಟಿನ ಬಳಿ ಅಗಲವಾಗಿರುವುದು ರೇಡಿಯಸ್ ಎಂದೆನಲ್ಲ, ಪೆಟ್ಟು ತಿನ್ನುವುದೂ ಅದೇ. ಹೀಗೆ ಕೈಯೂರಿ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಅದರ ಕೆಳತುದಿಯೇ. ನನ್ನದೂ ಮುರಿಯಿತು.

ಪೇಟೆಯ ಎಲುಬು ವೈದ್ಯರು ಎಕ್ಸ್‌ರೇ ತೆಗೆಸಿ, ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿ, ತುಂಡು ಸರಿದಿರುವುದನ್ನು ತೋರಿಸಿದರು. ಪಕ್ಕದಲ್ಲೇ ಇನ್ನೊಂದು ಚಿತ್ರ ನೇತಾಡುತ್ತಿತ್ತು. ಯಾವುದೋ ಮಗುವಿನ ಕೈ. ಮಣಿಕಟ್ಟಿನಲ್ಲಿ ನನಗಿದ್ದಂತೆ ಎಂಟು ಎಲುಬುಗಳು ಅದರಲ್ಲಿ ಕಾಣಿಸಲಿಲ್ಲ; ಕಪ್ಪು ಬಯಲಿನಲ್ಲಿ ಕೆಲವೇ ಚಿಕ್ಕ ಚುಕ್ಕೆಗಳು. ಉದ್ದನೆಯ ಎಲುಬುಗಳ ತುದಿಯಲ್ಲಿ ಗೆರೆ ಎಳೆದಂತೆ ಒಂದೊಂದು ಬಿರುಕು.

"ಈ ಮಗುವಿನ ಕೈ ಪುಡಿಯಾಗಿದೆಯೇ ಡಾಕ್ಟ್ರೇ?" ಎಂದು ಕೇಳಿದೆ.

ಅವರು ನಕ್ಕರು. "ಇಲ್ಲ, ಇದು ಏಳು ವರ್ಷದ ಮಗುವಿನ ಸರಿಯಾಗಿರುವ ಕೈ. ನೀವು ಬಿರುಕೆಂದದ್ದು ಎಲುಬು ಬೆಳೆಯುವ ಜಾಗ. ಅಲ್ಲಿ ಇನ್ನೂ ಮೆದುವಾದ ಮೃದ್ವಸ್ಥಿಯೇ ಇದೆ. ಮಣಿಕಟ್ಟಿನ ಎಲುಬುಗಳು ಹುಟ್ಟುವಾಗ ಒಂದೂ ಗಟ್ಟಿಯಾಗಿರುವುದಿಲ್ಲ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಮೂಡುತ್ತವೆ. ಅದನ್ನು ನೋಡಿಯೇ ನಾವು ಮಗುವಿನ ಪ್ರಾಯ ಅಂದಾಜು ಮಾಡುವುದು. ಬೆಳೆಯುವ ಆ ಜಾಗಕ್ಕೆ ಬಲವಾದ ಪೆಟ್ಟು ಬಿದ್ದರೆ ಕೆಲವೊಮ್ಮೆ ಕೈಯ ಬೆಳವಣಿಗೆಯೇ ತಪ್ಪುತ್ತದೆ."

ವಾಚಕರೇ, ನನ್ನ ಕೈಯ ನೋವು ಆ ಕ್ಷಣ ಮರೆತೇ ಹೋಯಿತು. ಏಳು ವರ್ಷದ ಇನ್ನೊಂದು ಕೈ ಕಣ್ಣಮುಂದೆ ಬಂತು.

ಅದಕ್ಕೆ ಎರಡು ವಾರಗಳ ಹಿಂದೆ ನಮ್ಮ ಮದ್ರಸದ ಎರಡನೇ ತರಗತಿಯ ಒಬ್ಬ ಹುಡುಗ ಕಂಠಪಾಠ ಒಪ್ಪಿಸುವಾಗ ಒಂದೇ ಜಾಗದಲ್ಲಿ ಮೂರು ಬಾರಿ ತಪ್ಪಿದ. ನಾನು ಬೆತ್ತ ಎತ್ತಿಕೊಂಡು ಕೈ ಚಾಚಲು ಹೇಳಿದೆ. ಅವನು ಅಂಗೈ ಮೇಲೆ ಮಾಡಿ ಚಾಚಿದ. ಬೆತ್ತ ಕೆಳಗಿಳಿಯುವಷ್ಟರಲ್ಲಿ ಹೆದರಿ ಕೈಯನ್ನು ಮಗುಚಿಬಿಟ್ಟ. ಪೆಟ್ಟು ಮಾಂಸವಿರುವ ಅಂಗೈಗೆ ಬೀಳಲಿಲ್ಲ. ಚರ್ಮದ ಕೆಳಗೇ ಎಲುಬಿರುವ ಹಿಂಗೈಗೆ, ಮಣಿಕಟ್ಟಿನ ಬುಡಕ್ಕೆ ಬಿತ್ತು. ಅವನು ಅಳಲಿಲ್ಲ. ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡು ಕುಳಿತ. ಮರುದಿನ ಅದು ಊದಿತ್ತು. ಮೂರು ದಿನ ಅವನು ಎಡಗೈಯಿಂದ ಪುಸ್ತಕ ಮಗುಚುತ್ತಿದ್ದುದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ. ಅವನ ಉಮ್ಮ ಕೇಳಿದಾಗ, ಆಡುವಾಗ ಬಿದ್ದೆನೆಂದು ಹೇಳಿದನಂತೆ. ಆ ಮಾತು ಕಿವಿಗೆ ಬಿದ್ದಾಗ ನನಗೆ ಸಮಾಧಾನವೇ ಆಗಿತ್ತು! ಒಂದು ಮಗು ನನ್ನಿಂದಾಗಿ ಸುಳ್ಳು ಹೇಳಿತು. ಅದನ್ನು ಕೇಳಿ ಸತ್ಯವನ್ನು ಕಲಿಸಬೇಕಾದ ಉಸ್ತಾದನು ನೆಮ್ಮದಿಗೊಂಡನು.

ಆ ಕೈ ಮಗುಚಿದ ಬಗೆಯನ್ನು ನಾನು ಮೇಲೆ ತಮಗೆ ವಿವರಿಸಿದೆನಲ್ಲವೇ? ಒಂದು ಎಲುಬು ಇನ್ನೊಂದರ ಮೇಲೆ ಹೊರಳುವ ಆ ಸುಂದರ ಏರ್ಪಾಡನ್ನು ಅಲ್ಲಾಹನು ಮಕ್ಕಳಿಗೆ ಪುಟ ಮಗುಚಲು, ದುಆಕ್ಕೆ ಕೈಯೊಡ್ಡಲು ನೀಡಿದ್ದನು. ನಾನು ಅದನ್ನು ಬೆತ್ತದಿಂದ ತಪ್ಪಿಸಿಕೊಳ್ಳಲು ಬಳಸುವಂತೆ ಮಾಡಿದೆ.

ಬೆತ್ತಕ್ಕೆ ಪುರಾವೆ ಇದೆಯೇ?

ಇಲ್ಲಿ ಕೆಲವು ಓದುಗರು ಒಂದು ಹದೀಸನ್ನು ನೆನಪಿಸಬಹುದು. ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ನಮಾಝಿಗೆ ಆದೇಶಿಸಬೇಕು, ಹತ್ತನೇ ವಯಸ್ಸಿನಲ್ಲಿ ಬಿಟ್ಟರೆ ದಂಡಿಸಬೇಕು ಎಂಬ ಅಬೂದಾವೂದರ ವರದಿ. ನಾನೂ ಇಷ್ಟು ಕಾಲ ಅದನ್ನೇ ಹೇಳಿಕೊಂಡು ಬಂದವನು. ಆದರೆ ಗ್ಯಾಲೆನ್‌ನ ಮಾತನ್ನು ಬಗ್ದಾದಿ ಎಲುಬು ಹಿಡಿದು ಪರೀಕ್ಷಿಸಿದಂತೆ, ನಮ್ಮ ರೂಢಿಯನ್ನು ನಾವು ಆ ಹದೀಸಿನ ಮುಂದೆಯೇ ಇಟ್ಟು ಪರೀಕ್ಷಿಸಬಾರದೇ?

ಹದೀಸಿನಲ್ಲಿರುವುದು ನಮಾಝಿನ ಮಾತು, ಪಾಠ ತಪ್ಪಿದ ಮಾತಲ್ಲ. ಏಳರಿಂದ ಹತ್ತರ ವರೆಗೆ ಮೂರು ವರ್ಷಗಳ ಕಾಲ, ದಿನಕ್ಕೆ ಐದು ಬಾರಿ, ಹೊಡೆಯದೆ ಹೇಳಿಕೊಡುವ ತಾಳ್ಮೆಯನ್ನು ಅದು ಮೊದಲು ನಮ್ಮಿಂದ ಕೇಳುತ್ತದೆ. ಹತ್ತರ ಬಳಿಕವೂ ಗಾಯವಾಗಬಾರದು, ಎಲುಬಿಗೆ ತಾಗಬಾರದು, ಮುಖಕ್ಕೆ ಹೊಡೆಯಬಾರದು ಎಂದು ಫುಕಹಾಗಳು ಕಟ್ಟುನಿಟ್ಟಿನ ಎಲ್ಲೆಗಳನ್ನು ಹಾಕಿದ್ದಾರೆ. ನನ್ನ ವಿದ್ಯಾರ್ಥಿಗೆ ಏಳು ವರ್ಷ. ಅವನು ನಮಾಝ್ ಬಿಟ್ಟಿರಲಿಲ್ಲ. ಪೆಟ್ಟು ಎಲುಬಿಗೇ ತಾಗಿತ್ತು. ಹಾಗಾದರೆ ನಾನು ಹಿಡಿದಿದ್ದುದು ಹದೀಸನ್ನೋ, ನನ್ನ ಸಿಟ್ಟನ್ನೋ?

ಹಾಗೆಯೇ ಆ ಹದೀಸನ್ನು ಹೇಳಿದವರು ಸ್ವತಃ ಹೇಗೆ ಬಾಳಿದರೆಂಬುದನ್ನೂ ನೋಡಬೇಡವೇ? ಯುದ್ಧರಂಗದ ಹೊರತು ಅವರು ತಮ್ಮ ಕೈಯಿಂದ ಯಾರನ್ನೂ, ಸ್ತ್ರೀಯನ್ನಾಗಲಿ ಸೇವಕನನ್ನಾಗಲಿ ಹೊಡೆದದ್ದಿಲ್ಲವೆಂದು ಅವರ ಪತ್ನಿ ಆಇಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಬಾಲಕನಾಗಿ ಅವರ ಸೇವೆಗೆ ಸೇರಿದ ಅನಸ್(ರ) ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅವರ ಬಾಯಿಂದ 'ಛೆ' ಎಂಬ ಮಾತನ್ನು ಕೇಳಲಿಲ್ಲ. ಮೊಮ್ಮಗಳು ಉಮಾಮಳನ್ನು ಅವರು ನಮಾಝಿನಲ್ಲೇ ಹೊತ್ತು ನಿಂತಿದ್ದರು, ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ಕೈಗಳಲ್ಲೂ ನಮ್ಮ ಕೈಯಲ್ಲಿರುವ ಎಲುಬುಗಳೇ ಇದ್ದವು, ಅದೇ ಕ್ರಮದಲ್ಲಿ.

ಅಬೂ ಮಸ್‌ಊದ್(ರ)ರ ಘಟನೆಯನ್ನು ಮುಸ್ಲಿಮ್ ವರದಿ ಮಾಡಿದ್ದಾರೆ. ಅವರು ಸಿಟ್ಟಿನಿಂದ ತಮ್ಮ ಗುಲಾಮನನ್ನು ಚಾಟಿಯಿಂದ ಹೊಡೆಯುತ್ತಿದ್ದರು. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರು. ಸಿಟ್ಟಿನಲ್ಲಿ ಧ್ವನಿ ಯಾರದೆಂದು ತಿಳಿಯಲಿಲ್ಲ. ಹತ್ತಿರ ಬಂದಾಗ ನೋಡಿದರೆ ಅಲ್ಲಾಹನ ಸಂದೇಶವಾಹಕರು(ಸ). ಈ ಹುಡುಗನ ಮೇಲೆ ನಿನಗಿರುವ ಶಕ್ತಿಗಿಂತ ನಿನ್ನ ಮೇಲೆ ಅಲ್ಲಾಹನಿಗಿರುವ ಶಕ್ತಿ ಹೆಚ್ಚಿನದೆಂದು ಅವರು ಎಚ್ಚರಿಸಿದರು. ಅಬೂ ಮಸ್‌ಊದರ ಕೈಯಿಂದ ಚಾಟಿ ಬಿದ್ದುಹೋಯಿತು. ಅಲ್ಲಾಹನಿಗಾಗಿ ಅವನನ್ನು ಸ್ವತಂತ್ರಗೊಳಿಸಿದರು. ಹಾಗೆ ಮಾಡದಿರುತ್ತಿದ್ದರೆ ನರಕಾಗ್ನಿ ಸ್ಪರ್ಶಿಸುತ್ತಿತ್ತೆಂದು ಪ್ರವಾದಿ(ಸ) ಹೇಳಿದರು. ಆ ಹುಡುಗ ಮಾಡಿದ ತಪ್ಪೇನೆಂದು ಅವರು ವಿಚಾರಿಸಲಿಲ್ಲ ಎಂಬುದು ನನ್ನ ಮನಸ್ಸಿಗೆ ನಾಟಿತು.

ಇಬ್ನು ಖಲ್ದೂನ್ (1332-1406) ತಮ್ಮ 'ಮುಕದ್ದಿಮ'ದಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಅಧ್ಯಾಯ ಬರೆದಿದ್ದಾರೆ. ವಿದ್ಯಾರ್ಥಿಗಳ ಮೇಲೆ, ಮುಖ್ಯವಾಗಿ ಎಳೆಯ ಮಕ್ಕಳ ಮೇಲೆ ಕಠೋರತೆ ತೋರಿದರೆ ಅವರ ಉತ್ಸಾಹ ಕುಗ್ಗುತ್ತದೆ, ಸೋಮಾರಿತನ ಬರುತ್ತದೆ, ದಂಡನೆಯ ಭಯದಿಂದ ಸುಳ್ಳು ಮತ್ತು ಕಪಟ ಅಭ್ಯಾಸವಾಗುತ್ತದೆ ಎಂದು ಅವರು ಹೇಳುತ್ತಾರೆ. ಆರು ಶತಮಾನಗಳ ಹಿಂದಿನ ಆ ಪುಟದಲ್ಲಿ ನನ್ನ ತರಗತಿಯ ಹುಡುಗನೇ ಕುಳಿತಿದ್ದಾನೆ. ಆಡುವಾಗ ಬಿದ್ದೆನೆಂದು ಉಮ್ಮನಿಗೆ ಹೇಳುತ್ತಿದ್ದಾನೆ.

ದೇಶದ ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯು ಮದ್ರಸಗಳನ್ನೂ ವೇದಪಾಠಶಾಲೆಗಳನ್ನೂ ಆ ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಇದನ್ನು ಹೊಡೆಯಲು ದೊರೆತ ಅನುಮತಿ ಎಂದು ಯಾರೂ ಭಾವಿಸಬಾರದು. ಬೆಳಿಗ್ಗೆ ಮದ್ರಸದ ಬೆಂಚಿನಲ್ಲಿ ಕುಳಿತ ಮಗುವೇ ಹತ್ತು ಗಂಟೆಗೆ ಶಾಲೆಯ ಬೆಂಚಿನಲ್ಲಿ ಕುಳಿತಿರುತ್ತದೆ. ಅಲ್ಲಿ ಅದರ ಕೈಗೆ ರಕ್ಷಣೆ ಇದೆ, ಅಲ್ಲಾಹನ ಗ್ರಂಥವನ್ನು ಕಲಿಸುವಲ್ಲಿ ಇಲ್ಲವೆಂದಾದರೆ ಅದಕ್ಕಿಂತ ದೊಡ್ಡ ಅವಮಾನ ನಮಗೆ ಬೇರೇನಿದೆ?

ಮುರಿದುದನ್ನು ಕೂಡಿಸುವವನು

ಆರು ವಾರ ನನ್ನ ಕೈ ಪ್ಲಾಸ್ಟರ್‌ನಲ್ಲಿತ್ತು. ಅರಬಿಯಲ್ಲಿ ಮುರಿದ ಎಲುಬನ್ನು ಕೂಡಿಸುವುದಕ್ಕೆ 'ಜಬ್ರ್' ಎನ್ನುತ್ತಾರೆ, ಅದರ ಕಟ್ಟಿಗೆ 'ಜಬೀರಾ' ಎನ್ನುತ್ತಾರೆ. ಬಗ್ದಾದಿನ ಅಲ್ ಖ್ವಾರಿಝ್ಮಿಯವರು ಒಂಬತ್ತನೇ ಶತಮಾನದಲ್ಲಿ ಬರೆದ ಗಣಿತಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಕೂಡ ಇದೇ ಪದ. ಆಲ್ಜೀಬ್ರಾ ಎಂದು ಜಗತ್ತು ಕರೆಯುವುದು ಅದನ್ನೇ. ಅಲ್ಲಾಹನ ನಾಮಗಳಲ್ಲೊಂದಾದ 'ಅಲ್ ಜಬ್ಬಾರ್'ಗೆ ಪರಾಕ್ರಮಿ ಎಂಬ ಅರ್ಥದೊಂದಿಗೆ ಮುರಿದುದನ್ನು ಕೂಡಿಸುವವನು ಎಂಬ ಅರ್ಥವನ್ನೂ ವಿದ್ವಾಂಸರು ನೀಡಿದ್ದಾರೆ. ಎರಡು ಸುಜೂದ್‌ಗಳ ನಡುವೆ ಕುಳಿತಾಗ ನಾವು 'ವಜ್‌ಬುರ್‌ನೀ' ಎನ್ನುತ್ತೇವಲ್ಲ, ಅದರ ಅರ್ಥವೂ ನನ್ನ ಮುರುಕನ್ನು ಕೂಡಿಸು ಎಂದೇ. ವರ್ಷಗಳಿಂದ ದಿನಕ್ಕೆ ಹಲವು ಬಾರಿ ಹೇಳುತ್ತಿದ್ದ ಪದ ಅದು. ಕೈ ಮುರಿದ ಮೇಲೆ ಮೊದಲ ಬಾರಿ ಅದರ ಅರ್ಥ ಗಂಟಲಲ್ಲಿ ಸಿಕ್ಕಿಕೊಂಡಿತು.

ಏಳು ಎಲುಬುಗಳ ಮೇಲೆ ಸುಜೂದ್ ಮಾಡಲು ಪ್ರವಾದಿ(ಸ)ಯವರಿಗೆ ಆದೇಶವಾಗಿತ್ತೆಂದು ಹದೀಸ್‌ಗಳಲ್ಲಿದೆ: ಹಣೆ, ಎರಡು ಕೈಗಳು, ಎರಡು ಮೊಣಕಾಲುಗಳು, ಎರಡು ಪಾದಗಳ ತುದಿಗಳು. ನನ್ನ ಏಳರಲ್ಲಿ ಒಂದು ನೆಲಕ್ಕೆ ಊರುತ್ತಿರಲಿಲ್ಲ. ಅಶಕ್ತನಿಗೆ ವಿನಾಯಿತಿ ಇದೆ. ಕಟ್ಟಿನ ಮೇಲೆ ಒದ್ದೆ ಕೈಯಿಂದ ಸವರುವುದಕ್ಕೂ ಅನುಮತಿ ಇದೆ; ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಜೊತೆಗೆ ತಯಮ್ಮುಮ್ ಕೂಡ ಮಾಡಬೇಕು. ಫಿಕ್ಹ್ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಒಂದೇ ಕೈಯಲ್ಲಿ ನಲ್ಲಿ ತಿರುಗಿಸಿ ಅದೇ ಕೈಯನ್ನು ತೊಳೆಯುವುದು ಹೇಗೆಂಬುದು.

ಮದ್ರಸಕ್ಕೆ ಮರಳಿದ ಮೊದಲ ದಿನ ವುಝೂ ಮಾಡುವಲ್ಲಿ ನಾನು ಹೀಗೆ ತಡಕಾಡುತ್ತಿದ್ದಾಗ ಹಿಂದಿನಿಂದ ಒಂದು ಧ್ವನಿ ಕೇಳಿಸಿತು: "ಉಸ್ತಾದ್, ನೀರು ನಾನು ಹೊಯ್ಯಲೇ?"

ಅದೇ ಹುಡುಗ. ತಂಬಿಗೆಯಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಪ್ರವಾದಿ(ಸ)ಯವರಿಗೆ ಮುಗೀರಾ(ರ) ವುಝೂವಿನ ನೀರು ಹೊಯ್ದ ಹದೀಸನ್ನು ನಾನೇ ಅವರಿಗೆ ಕಲಿಸಿದ್ದೆ. ಅವನು ತಂಬಿಗೆ ಬಗ್ಗಿಸಿದಾಗ ಅವನ ಪುಟ್ಟ ಮುಂದೋಳು ಹೊರಳುವುದನ್ನು ನೋಡಿದೆ. ಮಣಿಕಟ್ಟಿನ ಬಳಿ ಊತ ಇಳಿದಿತ್ತು, ಚರ್ಮದ ಮೇಲೆ ಕಂದಿದ ಗೆರೆ ಉಳಿದಿತ್ತು. ಎಡಗೈಯನ್ನು ಮೊಣಕೈ ತನಕ ಅವನು ಜಾಗ್ರತೆಯಿಂದ ತೊಳೆಸಿದ. "ಹಿಮ್ಮಡಿ ಒಣಗಿದೆ ಉಸ್ತಾದ್" ಎಂದು ಕಾಲಿಗೂ ಹೊಯ್ದ. ನಾನು ಅಲ್ಲೇ ಕುಳಿತು ಅವನ ಮುಖದ ಮಟ್ಟಕ್ಕೆ ಬಂದು ಹೇಳಿದೆ: "ಮೋನೇ, ಅಂದು ನಾನು ಹೊಡೆದದ್ದು ತಪ್ಪು. ನೀನು ಪಾಠ ತಪ್ಪಿದ್ದು ತಪ್ಪಲ್ಲ. ನನ್ನನ್ನು ಕ್ಷಮಿಸುವೆಯಾ?"

ಉಸ್ತಾದರು ಹೀಗೆ ಕೇಳುವುದನ್ನು ಅವನು ಎಂದೂ ಕಂಡವನಲ್ಲ. ಗಲಿಬಿಲಿಗೊಂಡು ಎರಡೂ ಕೈಗಳನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಮಗುಚಿ ತೋರಿಸಿ, "ಈಗ ನೋವಿಲ್ಲ ಉಸ್ತಾದ್" ಎಂದ. ಅಂದು ಸಂಜೆ ನಾನು ಅವನ ಮನೆಗೆ ಹೋಗಿ ಅವನ ತಂದೆತಾಯಿಗೆ ನಡೆದುದನ್ನು ತಿಳಿಸಿದೆ, ಹುಡುಗ ಸುಳ್ಳು ಹೇಳಿದ್ದು ನನ್ನ ಭಯದಿಂದ, ಅದಕ್ಕಾಗಿ ಅವನನ್ನು ಗದರಬೇಡಿರೆಂದು ಕೇಳಿಕೊಂಡೆ. ಬೆತ್ತವನ್ನು ತರಗತಿಯಿಂದ ತೆಗೆದುಹಾಕಿದೆ.

ಬಾಕಿ ಉಳಿದಿರುವ ಲೆಕ್ಕ

ಸಹೋದರ ಸಹೋದರಿಯರೇ, ಇಲ್ಲಿಗೆ ಇದು ಮುಗಿಯಿತೆಂದು ತಾವು ಭಾವಿಸಬಹುದು. ನನಗೆ ಹಾಗನಿಸುವುದಿಲ್ಲ. ಅಪ್ರಾಪ್ತ ವಯಸ್ಸಿನ ಮಗುವು ತನ್ನ ಹಕ್ಕನ್ನು ಬಿಟ್ಟುಕೊಡುವುದು ಫಿಕ್ಹ್‌ನಲ್ಲಿ ಸಿಂಧುವಲ್ಲ. ಮಗು ದಾನ ಕೊಟ್ಟರೂ ಅದು ಊರ್ಜಿತವಾಗದಿರುವಂತೆಯೇ ಇದು ಕೂಡ. ಪ್ರವಾದಿ(ಸ)ಯವರು ದಿವಾಳಿಯೆಂದು ಕರೆದದ್ದು ಯಾರನ್ನು? ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದು, ಒಬ್ಬನನ್ನು ಬೈದ, ಇನ್ನೊಬ್ಬನನ್ನು ಹೊಡೆದ ಲೆಕ್ಕಕ್ಕೆ ಅವುಗಳನ್ನೆಲ್ಲ ಕಳೆದುಕೊಳ್ಳುವವನನ್ನು. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ಅಲ್ಲಾಹನು ಕ್ಷಮಿಸುವನು. ದಾಸರ ಹಕ್ಕಿನಲ್ಲಿ ತಪ್ಪಿದರೆ ಆ ದಾಸನ ಬಳಿಗೇ ಹೋಗಬೇಕು.

ಯಾಸೀನ್ ಅಧ್ಯಾಯದ 65ನೇ ಸೂಕ್ತವನ್ನು ನಾವು ಎಷ್ಟೋ ಬಾರಿ ಪಾರಾಯಣ ಮಾಡಿದ್ದೇವೆ. ಅಂದು ಬಾಯಿಗೆ ಮುದ್ರೆ ಬೀಳುವುದು, ಕೈಗಳು ಮಾತಾಡುವವು, ಕಾಲುಗಳು ಸಾಕ್ಷಿ ಹೇಳುವವು. ಬಾಯಿಯಾದರೆ ನಾನು ಶಿಸ್ತಿಗಾಗಿ ಹೊಡೆದೆನೆಂದು ವಾದಿಸಬಹುದು. ಕೈ ವಾದಿಸುವುದಿಲ್ಲ. ಬೆತ್ತ ಹಿಡಿದಾಗ ತನ್ನ ಯಾವ ಎಲುಬು ಎತ್ತ ತಿರುಗಿತು ಎಂಬುದಷ್ಟೇ ಅದಕ್ಕೆ ಗೊತ್ತು.

ಮನುಷ್ಯನ ದೇಹದಲ್ಲಿ 360 ಸಂಧಿಗಳಿವೆ, ಸೂರ್ಯನು ಉದಯಿಸುವ ಪ್ರತಿದಿನವೂ ಒಂದೊಂದು ಸಂಧಿಯ ಮೇಲೆ ಒಂದೊಂದು ದಾನ ಬಾಕಿ ಇದೆ ಎಂಬುದು ಹದೀಸ್‌ಗಳ ಆಶಯ. ವೈದ್ಯರು ಎಣಿಸುವ ಕ್ರಮ ಬೇರೆ ಬೇರೆಯಾಗಿದೆ. ಲೆಕ್ಕ ತಾಳೆ ಹಾಕಲು ಹೋಗಿ ಹದೀಸಿನ ತಿರುಳನ್ನು ಕಳೆದುಕೊಳ್ಳದಿರೋಣ. ಇಬ್ಬರ ನಡುವೆ ನ್ಯಾಯದಿಂದ ರಾಜಿ ಮಾಡಿಸುವುದು ದಾನ, ಒಬ್ಬನನ್ನು ವಾಹನಕ್ಕೇರಲು ನೆರವಾಗುವುದು ದಾನ, ಒಳ್ಳೆಯ ಮಾತು ದಾನ, ದಾರಿಯ ಮುಳ್ಳು ತೆಗೆಯುವುದು ದಾನ. ಸಂಧಿಗೆ ಋಣಿಯಾದವನು ಅದನ್ನು ಇನ್ನೊಬ್ಬರ ಸುಖಕ್ಕೆ ಬಾಗಿಸಿ ತೀರಿಸಬೇಕು. ಒಡಹುಟ್ಟಿದವನಂತಿರುವ ಆ ಎರಡು ಎಲುಬುಗಳ ಮಾದರಿಯನ್ನು ನೋಡಿರಿ: ಒಂದು ಕಡೆ ದೊಡ್ಡದಾದದ್ದು ಇನ್ನೊಂದು ಕಡೆ ಚಿಕ್ಕದಾಗಲು ನಾಚಿಕೊಂಡಿಲ್ಲ. ತರಗತಿಯಲ್ಲಿ ದೊಡ್ಡವನಾದ ನಾನು ವುಝೂವಿನ ಕಲ್ಲಿನ ಬಳಿ ಏಳು ವರ್ಷದವನೆದುರು ಚಿಕ್ಕವನಾದೆ. ಅದರಿಂದ ನನಗೆ ಕುಂದೇನೂ ಬರಲಿಲ್ಲ.

ಮನೆಯಲ್ಲಿ ಮಕ್ಕಳಿರುವ ತಂದೆತಾಯಿಯರೇ, ಶಾಲೆ ಮದ್ರಸಗಳ ಅಧ್ಯಾಪಕರೇ, ಇಂದು ರಾತ್ರಿ ಮಗು ಮಲಗಿದ ಮೇಲೆ ಅದರ ಕೈಯನ್ನು ಒಮ್ಮೆ ಹಿಡಿದು ನೋಡಿರಿ. ಅದರೊಳಗೆ ಇನ್ನೂ ಕೆಲಸ ನಡೆಯುತ್ತಿದೆ. ಮೆದುವಾದುದು ಗಟ್ಟಿಯಾಗುತ್ತಿದೆ, ಒಂದೊಂದೇ ಎಲುಬು ತನ್ನ ಸ್ಥಾನದಲ್ಲಿ ಮೂಡುತ್ತಿದೆ. ಸೃಷ್ಟಿಕರ್ತನು ಕಟ್ಟುತ್ತಿರುವಲ್ಲಿಗೆ ನಾವು ಕೋಲೆತ್ತಿಕೊಂಡು ಹೋಗದಿರೋಣ.

ವೈದ್ಯರು ಹೇಳಿದ ಪ್ರಕಾರ ಹುಡುಗರ ಮಣಿಕಟ್ಟಿನ ಬಳಿಯ ಆ ಬೆಳವಣಿಗೆಯ ಗೆರೆ ಸುಮಾರು ಹದಿನೇಳರ ಪ್ರಾಯದಲ್ಲಿ ಕೂಡಿ ಮುಚ್ಚಿಕೊಳ್ಳುತ್ತದೆ. ಅಲ್ಲಾಹನು ಆಯುಷ್ಯ ನೀಡಿದರೆ, ಆ ಹುಡುಗ ಪ್ರಾಯಕ್ಕೆ ಬಂದು ಅವನ ಕೈಯ ಎಲುಬುಗಳೆಲ್ಲ ಪೂರ್ಣಗೊಂಡಾಗ ನಾನು ಇನ್ನೊಮ್ಮೆ ಅವನ ಮನೆಯ ಬಾಗಿಲಿಗೆ ಹೋಗಿ ಸಲಾಮ್ ಹೇಳಿ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಅಂದು ಅವನು ಕೊಡುವ ಉತ್ತರವೇ ಸಿಂಧು. ಅಷ್ಟರೊಳಗೆ ನನಗೆ ಮರಣ ಬಂದರೆ ಈ ಬರಹವು ನನ್ನ ಪರವಾಗಿ ಅವನಲ್ಲಿ ಕೇಳಲಿ.

ಓ ಅಲ್ಲಾಹ್, ಮುರಿದುದನ್ನು ಕೂಡಿಸುವವನೇ, ನಮ್ಮ ಕೈಗಳು ನಮಗೆ ವಿರುದ್ಧ ಸಾಕ್ಷಿ ನುಡಿಯದಂತೆ ಅವುಗಳನ್ನು ಬಳಸುವ ಭಾಗ್ಯವನ್ನು ನಮಗೆ ಕರುಣಿಸು. ಆಮೀನ್.